ರಾಜನ್-ನಾಗೇಂದ್ರ ನೈಟ್: ಬಡಾವಣೆಯ ಮೈದಾನಕ್ಕೆ ಆರ್ಕೆಸ್ಟ್ರಾ ಕರೆಸುವಾಗ ಏನೇನು ನೋಡಬೇಕು?

ಲೇಔಟ್_ಸಂಘ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಬಡಾವಣೆಯಲ್ಲಿ ನವೆಂಬರ್‌ನಲ್ಲಿ ರಾಜ್ಯೋತ್ಸವ. ಈ ಸಲ ಸಿಕ್ಕಿದ್ದೆಲ್ಲ ಹಾಡಿಸುವ ರಸಮಂಜರಿ ಬೇಡ, ಇಡೀ ಸಂಜೆ ಸಂಗೀತ ನಿರ್ದೇಶಕ ಜೋಡಿ ರಾಜನ್-ನಾಗೇಂದ್ರರ ಹಾಡುಗಳೇ ಇರಲಿ ಅಂತ ಸಂಘದಲ್ಲಿ ತೀರ್ಮಾನವಾಗಿದೆ. ಇಬ್ಬರೂ ನಮ್ಮೂರಿನವರೇ, ಹಿರಿಯರಿಗಂತೂ ಬಹಳ ಖುಷಿ.

ಜಾಗ ಪಾರ್ಕ್ ಪಕ್ಕದ ಮೈದಾನ, ಸುಮಾರು 100 ಅಡಿ ಅಗಲ, 150 ಅಡಿ ಉದ್ದ. ಎರಡು ಬದಿಗೆ ಮನೆಗಳಿವೆ. 400 ಕುರ್ಚಿ ಹಾಕಿಸುತ್ತೇವೆ. ಶುರು ಸಂಜೆ 6.30ಕ್ಕೆ.

ಎರಡು ತಂಡದವರು ಬಂದು ಮಾತಾಡಿದ್ದಾರೆ. ಒಬ್ಬರದು ಹತ್ತು ಗಾಯಕರು, ಒಂದು ಕೀಬೋರ್ಡ್, ಒಂದು ರಿದಂ ಪ್ಯಾಡ್, ಮಿಕ್ಕಿದ್ದೆಲ್ಲ ಟ್ರ್ಯಾಕ್ (ಮೊದಲೇ ಧ್ವನಿಮುದ್ರಿಸಿಟ್ಟ ವಾದ್ಯಸಂಗೀತ). ಜೊತೆಗೆ ಎಲ್‌ಇಡಿ ಪರದೆ ಮತ್ತು ನೃತ್ಯ ತಂಡ. ಇನ್ನೊಬ್ಬರದು ಐದು ಗಾಯಕರು, ಒಂಬತ್ತು ವಾದ್ಯದವರು; ಪರದೆ, ನೃತ್ಯ ಏನೂ ಇಲ್ಲ. ಕೇಳುತ್ತಿರುವ ಮೊತ್ತ ಹೆಚ್ಚುಕಡಿಮೆ ಒಂದೇ. ಯಾರನ್ನು ಒಪ್ಪಿಕೊಳ್ಳೋಣ? ಮುಂಗಡ ಕೊಡುವ ಮುಂಚೆ ಏನೇನು ಬರೆಸಿಕೊಳ್ಳಬೇಕು? ಸೌಂಡ್‌ನವರನ್ನು ನಾವೇ ಬೇರೆ ಗೊತ್ತು ಮಾಡಬೇಕು, ಅದರ ಬಗ್ಗೆಯೂ ತಿಳಿದವರು ಹೇಳಿ.

ಕಪ್ಪುಬಿಳಿಮನೆ:

ಎರಡನೆಯವರನ್ನೇ ಒಪ್ಪಿಕೊಳ್ಳಿ. ಕಾರಣ ಹಾಡುಗಳಲ್ಲೇ ಇದೆ. ರಾಜನ್-ನಾಗೇಂದ್ರರ ಹಾಡನ್ನು ಜನ ಗುರುತು ಹಿಡಿಯುವುದು ಪಲ್ಲವಿಗೂ ಮುಂಚೆ, ಶುರುವಿನ ಬಿಜಿಎಂ (ವಾದ್ಯಸಂಗೀತ) ಕಿವಿಗೆ ಬಿದ್ದ ತಕ್ಷಣ. ಎರಡು ಚರಣಗಳ ನಡುವೆ ಬರುವ ಪಿಟೀಲು, ಕೊಳಲಿನ ತುಣುಕು ಕೂಡ ಕೇಳುಗರಿಗೆ ಬಾಯಿಪಾಠ. ಅದು ಕೈತಪ್ಪಿದರೆ ಗಾಯಕರು ಎಷ್ಟು ಚೆನ್ನಾಗಿ ಹಾಡಿದರೂ ಹಾಡು ಅರ್ಧವೇ ಬಂದಂತೆ. ಟ್ರ್ಯಾಕ್ ಹಾಕಿದರೆ ಆ ತುಣುಕು ತಪ್ಪದೆ ಬರುತ್ತದೆ ನಿಜ, ಆದರೆ ಗಾಯಕ ಒಂದು ಸಾಲು ಮುಂಚೆ ಎತ್ತಿಕೊಂಡರೆ ಟ್ರ್ಯಾಕ್ ಕಾಯುವುದಿಲ್ಲ. ಚಪ್ಪಾಳೆ ಬಿತ್ತೆಂದು ಪಲ್ಲವಿಯನ್ನು ಇನ್ನೊಂದು ಸಲ ಹಾಡಲೂ ಆಗುವುದಿಲ್ಲ.

ಒಂಬತ್ತು ಜನ ಯಾರ್‍ಯಾರು ಅಂತ ವಾದ್ಯದ ಹೆಸರು ಸಹಿತ ಬರೆಸಿಕೊಳ್ಳಿ. ಈ ಹಾಡುಗಳಿಗೆ ಬೇಕಾದದ್ದು: ಕೀಬೋರ್ಡ್ 2, ಪಿಟೀಲು 1, ಕೊಳಲು 1, ಗಿಟಾರ್ 1, ಬೇಸ್ 1, ಡ್ರಮ್ಸ್ 1, ತಬಲಾ-ಢೋಲಕ್ 1, ರಿದಂ ಪ್ಯಾಡ್ 1. ಇದರಲ್ಲಿ ಕೊಳಲು, ಪಿಟೀಲು, ತಬಲಾ ಮೂರನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ದುಡ್ಡು ಮಿಕ್ಕಿದರೆ ಇನ್ನೊಂದು ಪಿಟೀಲು ಸೇರಿಸಿ, ಇನ್ನೊಬ್ಬ ಗಾಯಕರನ್ನಲ್ಲ. ಮೂಲದಲ್ಲಿ ಪಿಟೀಲಿನವರ ಗುಂಪೇ ಕೂತು ನುಡಿಸಿದ್ದು. ವೇದಿಕೆಯಲ್ಲಿ ಅಷ್ಟು ಜನ ಸಾಧ್ಯವಿಲ್ಲ, ಕೀಬೋರ್ಡಿನ ಸ್ಟ್ರಿಂಗ್ಸ್ ಮೇಲೆ ನಿಜವಾದ ಪಿಟೀಲು ಒಂದೋ ಎರಡೋ ಕೂಡಿದರೆ ಕಮಾನು ತಂತಿಗೆ ತಾಗುವ ಸದ್ದು ಸಿಗುತ್ತದೆ, ಇಡೀ ಗುಂಪು ನುಡಿಸಿದ ಹಾಗೆ ಕೇಳುತ್ತದೆ. ಕೀಬೋರ್ಡಿನವರು ನಿಧಾನವಾಗಿ ಏಳುವ ಸ್ಟ್ರಿಂಗ್ಸ್ ಟೋನ್ ಇಟ್ಟುಕೊಂಡಿದ್ದರೆ ವೇಗದ ತುಣುಕುಗಳೆಲ್ಲ ತಾಳದ ಹಿಂದೆ ಬೀಳುತ್ತವೆ. ಅದಕ್ಕೆ ತಕ್ಷಣ ಏಳುವ ಟೋನ್ ಬೇರೆ ಇಟ್ಟುಕೊಳ್ಳಬೇಕು.

ಸ್ಕೇಲ್ (ಹಾಡಿನ ಶ್ರುತಿ) ವಿಷಯ ಬಹಳ ಮುಖ್ಯ. ಎಲ್ಲ ಹಾಡುಗಳ ಸ್ಕೇಲ್ ಪಟ್ಟಿ ಹತ್ತು ದಿನ ಮೊದಲೇ ಎಲ್ಲ ವಾದ್ಯದವರ ಕೈಯಲ್ಲಿರಬೇಕು. ಎಸ್. ಜಾನಕಿಯವರ ಹಾಡನ್ನು ಮೂಲ ಸ್ಕೇಲ್‌ನಲ್ಲಿ ಹಾಡಲಾಗದ ಗಾಯಕಿ ಒಂದು ಮನೆ (ಒಂದು ಪೂರ್ತಿ ಸ್ವರದಷ್ಟು) ಇಳಿಸಿ ಅನ್ನುತ್ತಾರೆ, ತಪ್ಪೇನಿಲ್ಲ. ಆದರೆ ಯುಗಳಗೀತೆಯಲ್ಲಿ ಹಾಗೆ ಇಳಿಸಿದರೆ ಗಂಡುದನಿಯ ಮಂದ್ರದ ಸಾಲು ಕೇಳಿಸದಷ್ಟು ಕೆಳಗೆ ಹೋಗುತ್ತದೆ. ಕೊಳಲಿನವರು ಆ ಸ್ಕೇಲ್‌ಗೆ ಬೇರೆ ಕೊಳಲು ತರಬೇಕು. ತಬಲಾದವರ ಬಲಗೈ ತಬಲಾ ಒಂದು ಶ್ರುತಿಗೆ ಕೂಡಿಸಿದ್ದು, ಅರ್ಧದಿಂದ ಒಂದು ಮನೆಯಷ್ಟು ಏರಿಸಿ ಇಳಿಸಬಹುದು, ಅದಕ್ಕಿಂತ ಎಳೆದರೆ ನಾದವೇ ಕೆಡುತ್ತದೆ. ಕನಿಷ್ಠ ಮೂರು ತಬಲಾ ತರಲು ಹೇಳಿ. ಒಂದೇ ಸ್ಕೇಲ್‌ನ ಅಥವಾ ಅದೇ ತಬಲಾ ಮಧ್ಯಮ-ಪಂಚಮಕ್ಕೆ ಹೊಂದುವ ಹಾಡುಗಳನ್ನು ಎರಡು ಮೂರು ಒಟ್ಟಿಗೆ ಇಟ್ಟರೆ ನಡುನಡುವೆ ಸುತ್ತಿಗೆ ಹಿಡಿದು ಕೂರುವ ಪ್ರಸಂಗ ಬರುವುದಿಲ್ಲ.

ವೇದಿಕೆ ಮೇಲೆ ಅತಿ ಹೆಚ್ಚು ಮಾನ ಹೋಗುವುದು ಕೀಬೋರ್ಡಿನ ಸ್ಕೇಲ್ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್‌ನಿಂದ. ಹಿಂದಿನ ಹಾಡಿಗೆ ಒಂದು ಏರಿಸಿದ್ದು ಹಾಗೇ ಉಳಿದರೆ ಗಿಟಾರ್, ಬೇಸ್ ಒಂದು ಕಡೆ, ಕೀಬೋರ್ಡ್ ಅರ್ಧ ಮನೆ ಮೇಲೆ. ಪ್ರತಿ ಹಾಡು ಮುಗಿದ ಕೂಡಲೇ ಸೊನ್ನೆಗೆ ತರುವ ಅಭ್ಯಾಸ ಇರುವವರು ಬೇಕು. ಇನ್ನೊಂದು: ಯೂಟ್ಯೂಬ್‌ನಲ್ಲಿರುವ ಹಳೆಯ ಹಾಡುಗಳು ಟೇಪ್ ಅಥವಾ ಕ್ಯಾಸೆಟ್‌ನ ವೇಗದ ವ್ಯತ್ಯಾಸದಿಂದ ಎಷ್ಟೋ ಸಲ ಎರಡು ಸ್ವರಗಳ ನಡುವೆ ಎಲ್ಲೋ ಇರುತ್ತವೆ. ಗಾಯಕರು ಒಂದು ಅಪ್‌ಲೋಡ್, ಕೀಬೋರ್ಡಿನವರು ಇನ್ನೊಂದು ಅಪ್‌ಲೋಡ್ ಕೇಳಿ ಅಭ್ಯಾಸ ಮಾಡಿದರೆ ರಿಹರ್ಸಲ್ ದಿನ ಅರ್ಧ ಗಂಟೆ ಜಗಳವೇ. ಎಲ್ಲರಿಗೂ ಒಂದೇ ಲಿಂಕ್ ಕಳಿಸಿ.

ರಿಹರ್ಸಲ್ ಎಷ್ಟು ಅಂತ ಒಪ್ಪಂದದಲ್ಲೇ ಬರಲಿ: ಪೂರ್ತಿ ತಂಡ ಕೂತು ನಾಲ್ಕು ಗಂಟೆಯಂತೆ ಎರಡು ದಿನ. ದಿನಕ್ಕೆ ಹನ್ನೆರಡು ಹಾಡು. ನಿಮ್ಮ ಸಂಘದವರೊಬ್ಬರು ಎರಡನೇ ದಿನ ಹೋಗಿ ಕೂತುಕೊಳ್ಳಿ. ತಂಡ ಆರಿಸುವಾಗ ಅವರು ಕಳಿಸುವ ಎಡಿಟ್ ಮಾಡಿದ ವಿಡಿಯೋ ನೋಡಿ ಮೋಸ ಹೋಗಬೇಡಿ. ಸಭಿಕರು ಮೊಬೈಲ್‌ನಲ್ಲಿ ಹಿಡಿದ, ಕತ್ತರಿಸದ ಪೂರ್ತಿ ಹಾಡು ಕೇಳಿ. ಇಂಟರ್‌ಲೂಡ್ (ಚರಣಗಳ ನಡುವಿನ ವಾದ್ಯದ ತುಣುಕು) ಬಂದಾಗ ಪಿಟೀಲಿನವರ ಕೈ ನೋಡಿ. ಸದ್ದು ಬರುತ್ತಿದೆ, ಕಮಾನು ನಿಂತಿದೆ ಅಂದರೆ ಲ್ಯಾಪ್‌ಟಾಪ್ ನುಡಿಸುತ್ತಿದೆ.

ಹಳೇಹಾಡು:

ಮೇಲಿನವರು ವಾದ್ಯದ್ದು ಹೇಳಿದ್ದಾರೆ, ನಾನು ಹಾಡಿನ ಪಟ್ಟಿ ಮತ್ತು ದನಿಗಳ ಬಗ್ಗೆ ಬರೆಯುತ್ತೇನೆ.

ಮೊದಲು ಲೆಕ್ಕ. 6.30ರಿಂದ 9.45ಕ್ಕೆ 195 ನಿಮಿಷ. ದೀಪ, ನಾಡಗೀತೆ, ಸ್ವಾಗತಕ್ಕೆ 20 ನಿಮಿಷ, ನಡುವಿನ ಬಿಡುವು 15 ನಿಮಿಷ ತೆಗೆದರೆ 160 ಉಳಿಯಿತು. ಒಂದು ಹಾಡು ಸುಮಾರು ಐದು ನಿಮಿಷ, ನಿರೂಪಣೆ ಒಂದು ನಿಮಿಷ. ಅಂದರೆ 26 ಹಾಡು. ಪಟ್ಟಿಗೆ 24 ಹಾಕಿ, ಎರಡನ್ನು ಕೈಯಲ್ಲಿಟ್ಟುಕೊಳ್ಳಿ. 40 ಹಾಡು ಹಾಡಿಸುತ್ತೇವೆ ಅನ್ನುವವರು ಒಂದೊಂದು ಚರಣ ಕತ್ತರಿಸಿ ಮೆಡ್ಲೆ ಮಾಡುತ್ತಾರೆ. ಈ ಹಾಡುಗಳಿಗೆ ಅದು ಅನ್ಯಾಯ. ಎರಡನೇ ಚರಣದ ಸಾಹಿತ್ಯಕ್ಕಾಗಿಯೇ ಕಾಯುವವರು ಸಭೆಯಲ್ಲಿರುತ್ತಾರೆ.

ಗಂಡುದನಿ ಮೂರು ಬಗೆಯವು ಬೇಕೇ ಬೇಕು. ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವ ರೂಢಿ ಬೆಳೆದದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. ಹಾಗಾಗಿ ‘ಗಂಧದ ಗುಡಿ’ (1973), ‘ಎರಡು ಕನಸು’ (1974) ಹಾಡುಗಳಿಗೆ ಪಿ.ಬಿ. ಶ್ರೀನಿವಾಸರ ಮೃದುವಾದ ಕೆಳದನಿ, ‘ಚಲಿಸುವ ಮೋಡಗಳು’ (1982) ಚಿತ್ರದ್ದಕ್ಕೆ ರಾಜ್ ಅವರ ತೆರೆದ ಕಂಠ ಮತ್ತು ಸ್ಪಷ್ಟ ಉಚ್ಚಾರ, ‘ಬಯಲು ದಾರಿ’ (1976), ‘ಹೊಂಬಿಸಿಲು’ (1978) ಬಂದಾಗ ಎಸ್‌ಪಿಬಿ. ಒಬ್ಬರೇ ಮೂರನ್ನೂ ಹಾಡಲು ಹೋದರೆ ಹತ್ತನೇ ಹಾಡಿಗೆ ಎಲ್ಲವೂ ಒಂದೇ ಥರ ಕೇಳಿಸತೊಡಗುತ್ತದೆ. ಹೆಣ್ಣುದನಿಗೆ ಇಬ್ಬರು: ಜಾನಕಿಯವರ ಹಾಡಿಗೆ ಒಬ್ಬರು, ವಾಣಿ ಜಯರಾಂ ಹಾಡಿಗೆ ಒಬ್ಬರು. ಅಲ್ಲಿಗೆ ನಿಮ್ಮ ಐದು ಗಾಯಕರು ಸರಿಹೋಯಿತು. ಪುಸ್ತಕ ನೋಡಿಕೊಂಡು ಹಾಡಲಿ, ಅಡ್ಡಿಯಿಲ್ಲ. ಮೊಬೈಲ್ ನೋಡಿಕೊಂಡು ಬೇಡ. ಕರೆ ಬಂದರೆ ಸಾಹಿತ್ಯ ಮಾಯ, ಜೊತೆಗೆ ಮುಖವೆಲ್ಲ ನೀಲಿ ಬೆಳಕು.

ರಾಜ್ಯೋತ್ಸವ ಅಂದ ಮೇಲೆ ‘ಹುಟ್ಟಿದರೆ ಕನ್ನಡ ನಾಡಲ್ಲಿ’ ಹಾಡಿ ಅಂತ ಕೂಗು ಬಂದೇ ಬರುತ್ತದೆ. ಒಳ್ಳೆಯ ಹಾಡು, ಆದರೆ ಅದು ಹಂಸಲೇಖರದು. ನಿಮ್ಮ ಸಂಜೆಗೆ ಅದರ ಅಗತ್ಯವಿಲ್ಲ: ‘ನಾವಾಡುವ ನುಡಿಯೇ ಕನ್ನಡ ನುಡಿ’ ರಾಜನ್-ನಾಗೇಂದ್ರರದ್ದೇ. ಅದನ್ನು ಮೊದಲೇ ಖರ್ಚು ಮಾಡದೆ ಕೊನೆಯ ಹಾಡಾಗಿ ಇಡಿ, ಐದೂ ಗಾಯಕರು ಒಟ್ಟಿಗೆ ಹಾಡಲಿ. ಪಟ್ಟಿಯಲ್ಲಿರುವ ಪ್ರತಿ ಹಾಡೂ ಇವರದ್ದೇ ಹೌದೇ ಅಂತ ಚಿತ್ರದ ಟೈಟಲ್ ಕಾರ್ಡ್ ನೋಡಿ ಖಾತ್ರಿ ಮಾಡಿಕೊಳ್ಳಿ. ಜಿ.ಕೆ. ವೆಂಕಟೇಶ್, ಉಪೇಂದ್ರ ಕುಮಾರ್, ವಿಜಯಭಾಸ್ಕರ್ ಹಾಡುಗಳು ಇವರ ಲೆಕ್ಕಕ್ಕೆ ಸೇರಿಬಿಡುವುದು ಬಹಳ ಸಾಮಾನ್ಯ. ಇಂಟರ್ನೆಟ್ಟಿನ ಪ್ಲೇಲಿಸ್ಟ್ ನಂಬಬೇಡಿ.

ಕ್ರಮ ಹೀಗಿರಲಿ. ಮೊದಲ ಎರಡು ಎಲ್ಲರಿಗೂ ಗೊತ್ತಿರುವ, ಪೂರ್ತಿ ವಾದ್ಯ ಬಳಸುವ ಹಾಡು. ಜನ ಇನ್ನೂ ಕುರ್ಚಿ ಎಳೆಯುತ್ತಿರುತ್ತಾರೆ, ಆಗ ‘ಜೇನಿನ ಹೊಳೆಯೋ’ ಹಾಡಿಸಿ ಹಾಳು ಮಾಡಬೇಡಿ, ಅದು ಏಳನೆಯದೋ ಎಂಟನೆಯದೋ ಆಗಲಿ. ವಿಷಾದದ ಹಾಡು ಎರಡನ್ನು ಪಕ್ಕಪಕ್ಕ ಇಡಬೇಡಿ. ಅಪರೂಪದ ಹಾಡು ನಾಲ್ಕೈದು ಇರಲಿ, ಅವುಗಳ ಮೊದಲು ಮತ್ತು ನಂತರ ಪರಿಚಿತ ಹಾಡು ಬಂದರೆ ಜನ ಎದ್ದುಹೋಗುವುದಿಲ್ಲ. ‘ಎಂದೆಂದೂ ನಿನ್ನನು ಮರೆತು’ ಬಿಡುವಿನ ನಂತರದ ಮೊದಲ ಹಾಡಾಗಲಿ, ಕಾಫಿ ಕುಡಿಯಲು ಹೋದವರು ಓಡಿ ಬರುತ್ತಾರೆ.

ನಿರೂಪಕರಿಗೆ ಒಂದು ಪುಟ ಬರೆದು ಕೊಡಿ: ಹಾಡು, ಚಿತ್ರ, ವರ್ಷ, ಬರೆದವರು, ಹಾಡಿದವರು. ಚಿ. ಉದಯಶಂಕರ್ ಹೆಸರು ಎಷ್ಟೋ ಸಲ ಬರುತ್ತದೆ, ಬಂದಷ್ಟು ಸಲವೂ ಹೇಳಲಿ. ರಾಜನ್ ಪಿಟೀಲು, ನಾಗೇಂದ್ರ ಜಲತರಂಗ ನುಡಿಸುತ್ತಿದ್ದವರು ಎಂಬುದನ್ನು ಪಿಟೀಲು ಮುಂದೆ ಬರುವ ಹಾಡಿನ ಹೊತ್ತಿಗೇ ಹೇಳಿದರೆ ಜನ ಗಮನಕೊಟ್ಟು ಕೇಳುತ್ತಾರೆ.

ಲೇಔಟ್_ಸಂಘ:

ಇಬ್ಬರಿಗೂ ತುಂಬಾ ಧನ್ಯವಾದ. ಒಂಬತ್ತು ವಾದ್ಯದ ತಂಡವನ್ನೇ ಒಪ್ಪಿಕೊಳ್ಳುತ್ತೇವೆ. ಎರಡು ವಿಷಯ ಬಾಕಿ. ದಾನಿಗಳಿಗೆ, ಅತಿಥಿಗಳಿಗೆ ಸನ್ಮಾನ ಇದೆ, ಎಲ್ಲಿ ಸೇರಿಸುವುದು? ಸೌಂಡ್‌ನವರು ಬದಿಗೆ ನಾಲ್ಕು ಸಬ್ (ಕೆಳಸ್ವರದ ದೊಡ್ಡ ಸ್ಪೀಕರ್) ಇಡುತ್ತೇವೆ, 62 ಕೆವಿಎ ಜನರೇಟರ್ ಬೇಕು ಅನ್ನುತ್ತಿದ್ದಾರೆ. ಅಷ್ಟು ಬೇಕೇ?

ಫೇಡರ್:

ಬೇಡ. ಮಾಧುರ್ಯದ ಹಾಡುಗಳಿಗೆ, 400 ಜನಕ್ಕೆ, ಬದಿಗೆ 15 ಇಂಚಿನ ಟಾಪ್ (ಮುಖ್ಯ ಸ್ಪೀಕರ್) ಎರಡು, 18 ಇಂಚಿನ ಸಬ್ ಒಂದು ಸಾಕು. ನಾಲ್ಕು ಸಬ್ ಇಟ್ಟರೆ ಪಕ್ಕದ ಮನೆಗಳ ಕಿಟಕಿ ನಡುಗುತ್ತದೆ, ತಬಲಾದ ಬಾಯಾ (ಎಡಗೈಯದು) ಗುಡುಗಾಗುತ್ತದೆ, ಕೊಳಲು ಹುಡುಕಿದರೂ ಸಿಗುವುದಿಲ್ಲ.

ಕುರ್ಚಿ 20 ಸಾಲು, ಸಾಲಿಗೆ 20, ನಡುವೆ ಐದು ಅಡಿ ದಾರಿ ಅಂದುಕೊಳ್ಳಿ. ಮೊದಲ ಸಾಲು ವೇದಿಕೆಯಿಂದ 15 ಅಡಿ ದೂರ ಇದ್ದರೆ ಕೊನೆಯ ಸಾಲು ಸುಮಾರು 75 ಅಡಿಗೆ ಬರುತ್ತದೆ. ಮುಂದಿನ ಸ್ಪೀಕರ್‌ಗಳಿಂದಲೇ ಅಷ್ಟು ದೂರ ತಳ್ಳಲು ಹೋದರೆ ಮುಂದಿನವರಿಗೆ ಕಿವಿ ನೋವು, ಮನೆಗಳಿಗೆ ಗಲಾಟೆ. ಅದರ ಬದಲು 50 ಅಡಿಯಲ್ಲಿ ಒಂದು ಜೊತೆ ಸಣ್ಣ ಸ್ಪೀಕರ್ ಇಟ್ಟು ಮುಂದಿನದರ ಸದ್ದು ಇಳಿಸಿ. ಶಬ್ದ ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 50 ಅಡಿಗೆ 45, ಅದಕ್ಕೆ 10 ಸೇರಿಸಿ ಹಿಂದಿನ ಸ್ಪೀಕರ್‌ಗೆ 55 ಮಿಲಿಸೆಕೆಂಡ್ ಡಿಲೇ (ತಡ) ಕೊಟ್ಟರೆ ಹಿಂದಿನ ಸಾಲಿನವರಿಗೂ ಹಾಡು ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ. ಡಿಲೇ ಕೊಡದೆ ಇಟ್ಟರೆ ಪ್ರತಿ ಅಕ್ಷರವೂ ಎರಡೆರಡು ಸಲ ಕೇಳಿ ಸಾಹಿತ್ಯ ಕಲಸಿಹೋಗುತ್ತದೆ. ಸ್ಪೀಕರ್‌ಗಳ ಮುಖ ಪಾರ್ಕಿನ ಕಡೆಗೆ, ಎತ್ತರದಿಂದ ಸ್ವಲ್ಪ ಕೆಳಕ್ಕೆ ಬಾಗಿರಲಿ.

ಚಾನೆಲ್ (ಮಿಕ್ಸರ್‌ಗೆ ಬರುವ ಒಂದೊಂದು ಲೈನ್) ಲೆಕ್ಕ: ಗಾಯನ 6 (ಒಂದು ಹೆಚ್ಚುವರಿ), ನಿರೂಪಣೆ 1, ಕೀಬೋರ್ಡ್ 4, ಪಿಟೀಲು 2, ಕೊಳಲು 1, ಗಿಟಾರ್ 2, ಬೇಸ್ 1, ಡ್ರಮ್ಸ್ 7, ತಬಲಾ 2, ಢೋಲಕ್ 2, ಪ್ಯಾಡ್ 2, ಲ್ಯಾಪ್‌ಟಾಪ್ 2. ಒಟ್ಟು 32. ಹಾಗಾಗಿ 32 ಚಾನೆಲ್ ಡಿಜಿಟಲ್ ಮಿಕ್ಸರ್ ಅಂತ ಸ್ಪಷ್ಟವಾಗಿ ಹೇಳಿ. 16 ಚಾನೆಲ್‌ನದು ತಂದರೆ ಮೊದಲು ಬಲಿಯಾಗುವುದು ಪಿಟೀಲು ಮತ್ತು ಢೋಲಕ್. ಮಿಕ್ಸರ್ ಕುರ್ಚಿಗಳ ನಡುವೆ, 50 ಅಡಿ ಹತ್ತಿರ ಇರಲಿ. ವೇದಿಕೆ ಪಕ್ಕದಲ್ಲಿ ಕೂತವರಿಗೆ ಸಭಿಕರಿಗೆ ಏನು ಕೇಳುತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ಮಾನಿಟರ್ (ವೇದಿಕೆಯಲ್ಲಿರುವವರಿಗೇ ಕೇಳಿಸುವ ಸ್ಪೀಕರ್) ಆರು ಬೇಕು: ಗಾಯಕರ ಮುಂದೆ ಎರಡು, ಕೀಬೋರ್ಡ್, ಕೊಳಲು-ಪಿಟೀಲು, ತಬಲಾ, ಡ್ರಮ್ಸ್‌ಗೆ ಒಂದೊಂದು. ಕೊಳಲಿನ ಮೈಕ್‌ಗೆ ಗೇನ್ ಜಾಸ್ತಿ ಬೇಕಾಗುವುದರಿಂದ ಊಳಿಡುವುದು ಅಲ್ಲಿಂದಲೇ ಶುರು. ಮೈಕ್ ಬೆನ್ನಿನ ಕಡೆಗೆ ಮಾನಿಟರ್ ಬರುವಂತೆ ಇಡಬೇಕು, ಕೊಳಲು ಇಲ್ಲದ ಹಾಡಿನಲ್ಲಿ ಆ ಚಾನೆಲ್ ಮ್ಯೂಟ್. ಮೆಲುದನಿಯ ಗಾಯಕರು ಮೈಕನ್ನು ಎರಡು ಇಂಚಿನಲ್ಲಿ ಹಿಡಿಯಲಿ, ಅಷ್ಟು ಹತ್ತಿರ ಹಿಡಿದಾಗ ಕೆಳಸ್ವರ ಉಬ್ಬುತ್ತದೆ, ಅದನ್ನು ಮಿಕ್ಸರ್‌ನಲ್ಲಿ ಸ್ವಲ್ಪ ತೆಗೆದರೆ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಮೈಕಿನ ಗುಂಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸ ಇದ್ದರೆ ಬಿಡಿಸಿ, ಅದರಿಂದಲೂ ಊಳಿಡುತ್ತದೆ. ರಿದಂ ಪ್ಯಾಡ್‌ನ ಒಂದೊಂದು ಟೋನ್ ಒಂದೊಂದು ಮಟ್ಟದಲ್ಲಿರುತ್ತದೆ. ರಿಹರ್ಸಲ್‌ನಲ್ಲೇ ಸಮ ಮಾಡಿಕೊಂಡು ಬರಲಿ.

ಜನರೇಟರ್: ಎಲ್‌ಇಡಿ ಪಾರ್ ಲೈಟ್ 24 ಇದ್ದರೂ ಸುಮಾರು 4 ಕಿಲೋವ್ಯಾಟ್, ಸೌಂಡ್ 4ರಿಂದ 5. 25 ಕೆವಿಎ ಸೈಲೆಂಟ್ ಸೆಟ್ ಕೊಡುವುದು ಸುಮಾರು 20 ಕಿಲೋವ್ಯಾಟ್. ಧಾರಾಳವಾಯಿತು. ಊಟದ ಸ್ಟಾಲ್, ಹ್ಯಾಲೊಜನ್, ಕಾಫಿ ಬಾಯ್ಲರ್ ಇದಕ್ಕೆ ಸೇರಿಸಬಾರದು. ಸೌಂಡ್ ಪೂರ್ತಿ ಒಂದೇ ಫೇಸ್, ಒಂದೇ ಅರ್ತ್. ಲೈಟ್ ಇನ್ನೊಂದು ಫೇಸ್. ವೇದಿಕೆಯ ಕೀಬೋರ್ಡ್ ಒಂದು ಕಡೆಯಿಂದ, ಮಿಕ್ಸರ್ ಪಕ್ಕದ ಮನೆಯ ಪ್ಲಗ್‌ನಿಂದ ಕರೆಂಟ್ ತೆಗೆದುಕೊಂಡರೆ ಇಡೀ ಸಂಜೆ ‘ಹುಂ’ ಅಂತ ಸದ್ದು. ಕೀಬೋರ್ಡನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಬಟನ್ ಒತ್ತಿದರೆ ಎಷ್ಟೋ ಸಲ ಹೋಗುತ್ತದೆ. ಹೋಗದಿದ್ದರೆ ಪ್ಲಗ್‌ನ ಅರ್ತ್ ಪಿನ್ ಕಿತ್ತು ಹಾಕುವ ಸಾಹಸ ಮಾತ್ರ ಮಾಡಬೇಡಿ, ಮೈಕ್ ಹಿಡಿದವರಿಗೆ ಶಾಕ್ ಹೊಡೆಯುತ್ತದೆ.

ವೇದಿಕೆ ಮಧ್ಯಾಹ್ನ 1ಕ್ಕೆ ಸಿದ್ಧ, 2.30ಕ್ಕೆ ಒಂದೊಂದು ಚಾನೆಲ್ ಪರೀಕ್ಷೆ, 3.30ರಿಂದ 5.30 ಸೌಂಡ್ ಚೆಕ್. ಆಗ ನಾಲ್ಕು ಹಾಡು ಪೂರ್ತಿ ನುಡಿಸಲಿ: ಒಂದು ಮೆಲುವಾದದ್ದು, ಒಂದು ಎಲ್ಲ ವಾದ್ಯ ಇರುವುದು, ಒಂದು ಯುಗಳ, ಕೊನೆಗೆ ಎಲ್ಲರೂ ಸೇರಿ ಹಾಡುವುದು. ಜನ ಬಂದ ಮೇಲೆ ‘ಹಲೋ ಚೆಕ್’ ಕೇಳಿಸಬಾರದು.

ಚೌಕಟ್ಟು:

ಅನುಮತಿ ಬಗ್ಗೆ ಯಾರೂ ಬರೆದಿಲ್ಲ. ಶಬ್ದಮಾಲಿನ್ಯ ನಿಯಮಗಳ (2000) ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈದಾನದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ಹಬ್ಬ, ಸಾಂಸ್ಕೃತಿಕ ಸಂದರ್ಭಕ್ಕೆ ವರ್ಷದಲ್ಲಿ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು, ಅದನ್ನು ನಂಬಿಕೊಂಡು ಯೋಜನೆ ಹಾಕಬೇಡಿ. 9.45ಕ್ಕೆ ಮುಗಿಸುವ ಲೆಕ್ಕವೇ ಸರಿ. ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬಲ್, ಸಾರ್ವಜನಿಕ ಜಾಗದ ಗಡಿಯಲ್ಲಿ ಅದಕ್ಕಿಂತ 10 ಮಾತ್ರ ಹೆಚ್ಚಿರಬಹುದು, ಅಂದರೆ 65. ಇದು ಬಹಳ ಕಡಿಮೆ. ಆದ್ದರಿಂದ ಫೇಡರ್ ಹೇಳಿದ ಹಾಗೆ ಸಬ್ ಕಡಿಮೆ, ಹಿಂದೆ ಸಣ್ಣ ಸ್ಪೀಕರ್ ಅನ್ನುವುದು ಸಂಗೀತಕ್ಕೆ ಮಾತ್ರವಲ್ಲ, ನಿಮ್ಮ ರಕ್ಷಣೆಗೂ ಬೇಕು. 100 ಮೀಟರ್ ಒಳಗೆ ಆಸ್ಪತ್ರೆ ಇದ್ದರೆ ಮೈದಾನ ಬಿಟ್ಟು ಸಭಾಂಗಣ ನೋಡಿ.

ಠಾಣೆಯಲ್ಲಿ ಧ್ವನಿವರ್ಧಕದ ಅನುಮತಿ, ಪಾಲಿಕೆಯ ಜಾಗವಾದರೆ ಪಾಲಿಕೆಯ ಒಪ್ಪಿಗೆ, ಸೆಸ್ಕ್‌ನಿಂದ (ವಿದ್ಯುತ್ ಕಂಪನಿ) ತಾತ್ಕಾಲಿಕ ಸಂಪರ್ಕ. ವೇದಿಕೆಯಲ್ಲಿ ಹಾಡಿ ನುಡಿಸುವುದಕ್ಕೆ ಐಪಿಆರ್‌ಎಸ್ (ಸಾಹಿತ್ಯ, ಸಂಗೀತದ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಪರವಾನಗಿ ಕೇಳಿಕೊಳ್ಳಿ. ಬಿಡುವಿನಲ್ಲಿ ರೆಕಾರ್ಡ್ ಹಾಕಿದರೆ ಧ್ವನಿಮುದ್ರಣದ ಹಕ್ಕುದಾರರದ್ದು ಬೇರೆ. ರೆಕಾರ್ಡ್ ಹಾಕದಿದ್ದರೆ ಆಯಿತು. ತಂಡದವರೋ ಸಂಘದವರೋ, ಯಾರು ಕಟ್ಟುವುದು ಅಂತ ಒಪ್ಪಂದದಲ್ಲಿ ಬರೆಯಿರಿ.

ಹಳೇಹಾಡು:

ಸನ್ಮಾನ ಎಲ್ಲಿ ಅಂತ ಕೇಳಿದಿರಿ. ಶುರುವಿನ 20 ನಿಮಿಷದಲ್ಲಿ ಅತಿಥಿಗಳದ್ದು, 12ನೇ ಹಾಡಿನ ನಂತರದ 15 ನಿಮಿಷದ ಬಿಡುವಿನಲ್ಲಿ ದಾನಿಗಳದ್ದು. ಇನ್ನೆಲ್ಲೂ ಬೇಡ. ಮುಖ್ಯ ಅತಿಥಿ ತಡವಾಗಿ ಬಂದರು ಅಂತ ಹಾಡು ನಿಲ್ಲಿಸಿ ಹಾರ, ಶಾಲು, ಪೇಟ, ಫೋಟೋ ಅಂತ ಹೊರಟರೆ ಅಲ್ಲಿಯವರೆಗೆ ಕಟ್ಟಿದ ಸಂಜೆ ಒಡೆದುಹೋಗುತ್ತದೆ, ಆಮೇಲೆ ಎರಡು ಹಾಡು ಬೇಕು ಜನ ಮತ್ತೆ ಕೂರಲು. ತಡವಾಗಿ ಬಂದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಬಿಡುವಿನಲ್ಲಿ ಗೌರವಿಸಿ. ಭಾಷಣಕ್ಕೆ ತಲಾ ಎರಡು ನಿಮಿಷ ಅಂತ ಮೊದಲೇ ತಿಳಿಸಿ.

ಬೇಡಿಕೆ ಚೀಟಿಗೂ ವ್ಯವಸ್ಥೆ ಬೇಕು. ಕೈಯಲ್ಲಿಟ್ಟುಕೊಂಡ ಎರಡು ಹಾಡಿನ ಜೊತೆ ಇನ್ನೂ ಎರಡನ್ನು ರಿಹರ್ಸಲ್ ಮಾಡಿಸಿ, ನಾಲ್ಕರ ಹೆಸರನ್ನೂ ಪ್ರವೇಶದ ಹತ್ತಿರ ಬೋರ್ಡಿನಲ್ಲಿ ಬರೆಯಿರಿ; ಜನ ಗೀಟು ಹಾಕಲಿ, ಹೆಚ್ಚು ಗೀಟು ಬಿದ್ದ ಎರಡು ಕೊನೆಯ ಹಾಡಿಗೆ ಮುಂಚೆ ಬರಲಿ. ಅಭ್ಯಾಸವಿಲ್ಲದ ಹಾಡನ್ನು ವೇದಿಕೆಯಲ್ಲೇ ಸ್ಕೇಲ್ ಹುಡುಕಿ ಹಾಡಿಸುವುದು ಯಾರಿಗೂ ಒಳ್ಳೆಯದಲ್ಲ.

ಕಪ್ಪುಬಿಳಿಮನೆ:

ಆ ಬಿಡುವು ಇನ್ನೊಂದಕ್ಕೂ ಬೇಕು. ನವೆಂಬರ್‌ನಲ್ಲಿ 8 ಗಂಟೆ ಆಗುತ್ತಿದ್ದಂತೆ ಇಬ್ಬನಿ ಇಳಿಯುತ್ತದೆ, ತಬಲಾದ ಚರ್ಮ ತೇವ ಹೀರಿ ಶ್ರುತಿ ಕೆಳಗೆ ಬರುತ್ತದೆ. ಸನ್ಮಾನ ನಡೆಯುವಾಗ ತಬಲಾದವರು ವೇದಿಕೆ ಹಿಂದೆ ಕೂತು ಮೂರನ್ನೂ ಮತ್ತೆ ಕೂಡಿಸಿಕೊಳ್ಳಲಿ. ಬಳಸದ ತಬಲಾ ಬಟ್ಟೆ ಮುಚ್ಚಿಯೇ ಇರಲಿ. ಪಿಟೀಲಿನ ಶ್ರುತಿಯೂ ಕದಲುತ್ತದೆ, ಅದಕ್ಕೆ ಟ್ಯೂನರ್ ಇದೆ. ವೇದಿಕೆಗೆ ಮೇಲೆ ಮತ್ತು ಹಿಂದೆ ಶಾಮಿಯಾನ ಕಟ್ಟಿಸಿ, ಇಬ್ಬನಿ ಅರ್ಧ ತಡೆಯುತ್ತದೆ.

ವೇಗದ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸಿ ಧ್ವನಿಮುದ್ರಿಸಿದ್ದು, ಕ್ಲಿಕ್ (ವೇಗ ತೋರಿಸುವ ಟಿಕ್ ಸದ್ದು) ಹಾಕಿಕೊಂಡಲ್ಲ. ಚರಣದಲ್ಲಿ ಸ್ವಲ್ಪ ತಡೆದು ಪಲ್ಲವಿಗೆ ಬರುವಾಗ ಚೂರು ಮುಂದೆ ಹೋಗುವುದು ಸಹಜ. ಮೆಟ್ರೊನೋಮ್ ಶುರುವಿನ ನಾಲ್ಕು ಎಣಿಕೆಗೆ ಮಾತ್ರ ಇರಲಿ, ಆಮೇಲೆ ತಬಲಾ ನಡೆಸಿದಂತೆ ನಡೆಯಲಿ. ವೇದಿಕೆ ಏರಿದ ಹುಮ್ಮಸ್ಸಿಗೆ ಡ್ರಮ್ಸ್‌ನವರು ವೇಗ ಏರಿಸುತ್ತಾರೆ, ‘ಬಾನಲ್ಲು ನೀನೆ’ಯಂಥ ಹಾಡಿಗೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ.

ಮೂರನೇಸಾಲು:

ಕೇಳಲು ಬರುವವರ ಪರವಾಗಿ ಒಂದಿಷ್ಟು. ಒಳ್ಳೆಯ ಜಾಗ ಮುಂದಿನ ಸಾಲಲ್ಲ, ಮಿಕ್ಸರ್‌ನ ಆಸುಪಾಸು, ನಡುದಾರಿಯ ಪಕ್ಕ. ಎರಡೂ ಬದಿಯ ಸ್ಪೀಕರ್ ಸಮನಾಗಿ ಸಿಗುವುದು ಅಲ್ಲಿ ಮಾತ್ರ. ಹಿರಿಯರಿಗಾಗಿ ಆ ಮೂರು ಸಾಲನ್ನು ಕಾದಿರಿಸಿ. ಮಕ್ಕಳು ಸಬ್‌ನ ಮುಂದೆ ಹೋಗಿ ಕುಣಿಯುತ್ತಾರೆ, ಅಲ್ಲಿಗೆ 15 ಅಡಿ ಬಿಟ್ಟು ಹಗ್ಗ ಕಟ್ಟಿಸಿ. ಊಟದ ಕೌಂಟರ್ ಹಾಡು ಮುಗಿಯುವವರೆಗೆ ತೆರೆಯಲೇಬೇಡಿ, ಬಿಡುವಿನಲ್ಲಿ ಕಾಫಿ, ಬೋಂಡ ಸಾಕು. 8.30ಕ್ಕೆ ಬಿಸಿಬೇಳೆಬಾತಿನ ಪರಿಮಳ ಬಂತೆಂದರೆ 20 ಸಾಲಿನಲ್ಲಿ ಎಂಟು ಖಾಲಿ.

ಎಲ್ಲ 24 ಹಾಡುಗಳನ್ನೂ ಚಿತ್ರ, ಕವಿ, ಗಾಯಕರ ಹೆಸರು ಸಮೇತ ಒಂದೇ ಹಾಳೆಯಲ್ಲಿ ಅಚ್ಚು ಮಾಡಿಸಿ ಕುರ್ಚಿ ಮೇಲಿಡಿ. ಅಕ್ಷರ ದೊಡ್ಡದಾಗಿರಲಿ, ಮಬ್ಬು ಬೆಳಕಿನಲ್ಲಿ ಕನ್ನಡಕದವರಿಗೂ ಓದಲು ಬರುವಷ್ಟು.